ಎಟಿಜಿ7ರ ಮೇಲಿನ ಬ್ಯಾಂಡ್ ಕಾಣಿಸದಿದ್ದರೆ ಕ್ಲೋನ್ ಬದಲಿಸಬೇಕೇ?

ಕೋಶವು ತನ್ನದೇ ಭಾಗಗಳನ್ನು ಕರಗಿಸಿಕೊಳ್ಳುವ ಆಟೋಫೇಜಿಗೆ ಬೇಕಾದ ಕಿಣ್ವ ಎಟಿಜಿ7. ಅದರ ಸಹಜ ರೂಪದಲ್ಲಿ (ವೈಲ್ಡ್ ಟೈಪ್) ಜೆಲ್ಲಿನ ಮೇಲಿನ ಬ್ಯಾಂಡ್, ಅಂದರೆ ಎಲ್‌ಸಿ3 ಎಂಬ ಚಿಕ್ಕ ಪ್ರೋಟೀನನ್ನು ಹಿಡಿದುಕೊಂಡ ಎಟಿಜಿ7ರ ಪಟ್ಟಿ, ಬರುತ್ತಿಲ್ಲ, 572ನೆಯ ಅಮೈನೋ ಆಮ್ಲವಾದ ಸಿಸ್ಟೀನನ್ನು ಸೆರೀನ್ ಮಾಡಿದ ಮ್ಯುಟೆಂಟ್‌ನಲ್ಲಿ ಮಾತ್ರ ಬರುತ್ತಿದೆ, ಹಾಗಾದರೆ ಕ್ಲೋನ್ (ಈ ಜೀನನ್ನು ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ) ಮತ್ತೆ ಮಾಡಿಸಬೇಕೇ ಅಥವಾ ಎಲ್‌ಸಿ3ಯನ್ನು ಮುಂದೆ ಪಡೆಯುವ ಕಿಣ್ವವಾದ ಎಟಿಜಿ3ರ ಕಡೆಗೆ ಹೋಗಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಕ್ಲೋನ್ ಸರಿಯಾಗಿಯೇ ಇರಬೇಕು. ಇಂಥದೇ ಜೆಲ್ಲನ್ನು ನಾನು ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನೋಡಿ, ನೀವು ಬಂದಿರುವ ತೀರ್ಮಾನಕ್ಕೇ ಬಂದು, ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ಕಳೆದುಕೊಂಡೆ.

ಆಗ ನಾನು ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ವೀಳ್ಯದೆಲೆಯಿಂದ ಬೇರ್ಪಡಿಸಿದ ಒಂದು ಅಂಶವು ಎಟಿಜಿ7ನ್ನು ತಡೆಯುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಯೀಸ್ಟ್‌ನಲ್ಲಿ ಒಂದು ಪ್ರೋಟೀನನ್ನು ಇನ್ನೊಂದಕ್ಕೆ ಬೆಸೆಯುವ ವ್ಯವಸ್ಥೆಯಿಲ್ಲದೆ ಆಟೋಫೇಜಿ ನಡೆಯುವುದೇ ಇಲ್ಲವೆಂದು ಮಿಜುಶಿಮಾ, ಒಹ್ಸುಮಿ ಮತ್ತು ಅವರ ಸಂಗಡಿಗರು 1998ರಲ್ಲಿ ತೋರಿಸಿದ್ದನ್ನು ಓದಿದಾಗಿನಿಂದ ನನಗೆ ಈ ಕಿಣ್ವದ ಮೇಲೆ ವಿಶೇಷ ಪ್ರೀತಿ. ಮನುಷ್ಯನಲ್ಲಿ ಯುಬಿಕ್ವಿಟಿನ್ ಮತ್ತು ಅದರ ಬಳಗದ ಪ್ರೋಟೀನುಗಳನ್ನು ಚುರುಕುಗೊಳಿಸುವ ಇ1 ಕಿಣ್ವಗಳು ಬೆರಳೆಣಿಕೆಯಷ್ಟೇ ಇವೆ. ಅವುಗಳ ಪೈಕಿ ಎಟಿಜಿ7 ಒಂದೇ ಎಟಿಜಿ12 ಎಂಬ ಪ್ರೋಟೀನನ್ನೂ ಎಲ್‌ಸಿ3ಯ ಕುಟುಂಬವನ್ನೂ ಹಿಡಿದು, ಮೊದಲನೆಯದನ್ನು ಎಟಿಜಿ10 ಎಂಬ ಕಿಣ್ವಕ್ಕೆ, ಎರಡನೆಯದನ್ನು ಎಟಿಜಿ3ಕ್ಕೆ ಒಪ್ಪಿಸುತ್ತದೆ. ಅದು ಜೋಡಿಯಾಗಿ ಕೆಲಸ ಮಾಡುವ ರೀತಿಯಂತೂ ಅಪರೂಪದ್ದು: ಒಂದು ಅಣುವಿನ ಸಿಸ್ಟೀನ್ ಮೇಲೆ ಕುಳಿತ ಎಲ್‌ಸಿ3ಯು ಜೊತೆಗಿರುವ ಇನ್ನೊಂದು ಅಣುವಿನ ಮುಂತುದಿಗೆ ಅಂಟಿಕೊಂಡ ಎಟಿಜಿ3ಕ್ಕೆ ದಾಟುತ್ತದೆ.

ನಮ್ಮ ಪ್ರಯೋಗಾಲಯದ ಕಿರಿಯ ವಿದ್ಯಾರ್ಥಿನಿಯೊಬ್ಬಳು ವೈಲ್ಡ್ ಟೈಪ್ ಮತ್ತು ಸೆರೀನ್ ಮ್ಯುಟೆಂಟ್ ಎರಡರ ಪ್ಲಾಸ್ಮಿಡ್‌ಗಳನ್ನೂ ಸಿದ್ಧಪಡಿಸಿ ಕೊಟ್ಟಳು. ಕೋಶಗಳಿಗೆ ಎಲ್‌ಸಿ3ಯ ಜೊತೆಗೆ ಅವನ್ನು ಹಾಕಿ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ಬ್ಲಾಟ್ ಮಾಡಿದೆ. ವೈಲ್ಡ್ ಟೈಪ್‌ನಲ್ಲಿ 78 ಕಿಲೋಡಾಲ್ಟನ್ ಆಸುಪಾಸಿನ ಎಟಿಜಿ7 ಒಂದೇ ಕಂಡಿತು. ಮ್ಯುಟೆಂಟ್‌ನಲ್ಲಿ ಅದರ ಮೇಲೆ, 95ರ ಸಮೀಪ, ಎಲ್‌ಸಿ3 ಹಿಡಿದುಕೊಂಡ ಎಟಿಜಿ7 ಸ್ಪಷ್ಟವಾಗಿ ಕಂಡಿತು. ಕೆಲಸ ಮಾಡುವ ಕಿಣ್ವದಲ್ಲಿ ಬ್ಯಾಂಡ್ ಇರಬೇಕು, ಕೆಟ್ಟದ್ದರಲ್ಲಿ ಇರಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಟ್ಯೂಬ್‌ಗಳ ಮೇಲಿನ ಹೆಸರು ಅದಲು ಬದಲಾಗಿದೆ ಎಂದು ಅವಳಿಗೆ ಎಲ್ಲರೆದುರು ಹೇಳಿದೆ. "ಅಕ್ಕ, ಬರೆಯುವಾಗ ಎರಡು ಸಲ ನೋಡಿಯೇ ಬರೆದಿದ್ದೇನೆ" ಎಂದಳು. ನಾನು ಕೇಳಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ತಿದ್ದಿಕೊಂಡು, ಮ್ಯುಟೆಂಟನ್ನೇ ಸಮರ್ಥ ಕಿಣ್ವವೆಂದು ನಂಬಿ, ಮುಂದಿನ ಪ್ರಯೋಗಗಳನ್ನೆಲ್ಲ ಅದರ ಮೇಲೆ ಕಟ್ಟಿದೆ.

ತಪ್ಪು ಎಲ್ಲಿತ್ತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ಎಟಿಜಿ7 ಮೊದಲು ಎಟಿಪಿಯನ್ನು ಬಳಸಿ ಎಲ್‌ಸಿ3ಯ ಕೊನೆಯ ಗ್ಲೈಸಿನ್‌ಗೆ ಎಎಂಪಿಯನ್ನು ಕೂಡಿಸುತ್ತದೆ. ಆಗ ಪೈರೋಫಾಸ್ಫೇಟ್ ಹೊರಬೀಳುತ್ತದೆ. ಅನಂತರ 572ನೆಯ ಸಿಸ್ಟೀನಿನ ಗಂಧಕವು ಆ ಗ್ಲೈಸಿನ್‌ನ ಮೇಲೆ ಎರಗಿ ಎಎಂಪಿಯನ್ನು ಹೊರದೂಡಿ, ಎಲ್‌ಸಿ3ಯನ್ನು ತನಗೆ ಕಟ್ಟಿಕೊಳ್ಳುತ್ತದೆ. ಇದೇ ಥಯೋಎಸ್ಟರ್ ಬಂಧ. ಈ ಬಂಧ ಸುಲಭವಾಗಿ ಬಿಡುವಂತಿರಬೇಕು, ಏಕೆಂದರೆ ಎಲ್‌ಸಿ3 ಅಲ್ಲಿ ನಿಲ್ಲಲು ಬಂದದ್ದಲ್ಲ, ಎಟಿಜಿ3ರ ಸಿಸ್ಟೀನಿಗೆ ದಾಟಿ, ಅಲ್ಲಿಂದ ಫಾಸ್ಫಟಿಡಿಲ್‌ಎಥನೋಲಮೈನ್ ಎಂಬ ಪೊರೆಯ ಕೊಬ್ಬಿಗೆ ಸೇರಬೇಕಾದದ್ದು. ಹೀಗೆ ಬಿಡಲು ಸಿದ್ಧವಾಗಿರುವ ಬಂಧಕ್ಕೆ ನಾನು ಬೀಟಾ-ಮರ್ಕ್ಯಾಪ್ಟೋಇಥೆನಾಲ್ ಇದ್ದ ಸ್ಯಾಂಪಲ್ ಬಫರ್ ಹಾಕಿ ಕುದಿಸುತ್ತಿದ್ದೆ. ಆ ರಾಸಾಯನಿಕದಲ್ಲಿ ಇರುವುದೂ ಗಂಧಕದ ಗುಂಪೇ. ಅದು ಎಟಿಜಿ3 ಮಾಡುವ ಕೆಲಸವನ್ನು ತಾನೇ ಮಾಡಿ, ಎಲ್‌ಸಿ3ಯನ್ನು ಕಿತ್ತು ತೆಗೆದುಬಿಡುತ್ತದೆ. ಜೆಲ್‌ಗೆ ಹಾಕುವ ಮೊದಲೇ ನಾನು ಹುಡುಕುತ್ತಿದ್ದ ವಸ್ತುವನ್ನು ನಾನೇ ಒಡೆದಿರುತ್ತಿದ್ದೆ. ಸಿಸ್ಟೀನಿನ ಜಾಗದಲ್ಲಿ ಸೆರೀನ್ ಇದ್ದರೆ ಗಂಧಕದ ಬದಲು ಆಮ್ಲಜನಕ ಬರುತ್ತದೆ. ಆಗ ಉಂಟಾಗುವ ಸಾಧಾರಣ ಎಸ್ಟರ್ ಬಂಧ ಗಟ್ಟಿಯಾದದ್ದು. ಮರ್ಕ್ಯಾಪ್ಟೋಇಥೆನಾಲ್‌ಗೆ ಜಗ್ಗುವುದಿಲ್ಲ, ಎಟಿಜಿ3ಕ್ಕೂ ಬಿಟ್ಟುಕೊಡುವುದಿಲ್ಲ. ಮ್ಯುಟೆಂಟ್‌ನಲ್ಲಿ ಕಂಡ ಬ್ಯಾಂಡ್ ಕಿಣ್ವದ ಸಾಮರ್ಥ್ಯದ ಗುರುತಲ್ಲ, ಕೆಲಸ ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡ ಗುರುತು.

ಎಚ್ಚರಿಕೆ ಸಿಕ್ಕಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಎಟಿಜಿ7 ಇಲ್ಲದ ಕೋಶಗಳಿಗೆ ನಾನು ಸಮರ್ಥವೆಂದು ನಂಬಿದ್ದ ರೂಪವನ್ನು ಹಾಕಿದಾಗ ಕೊಬ್ಬಿಗೆ ಸೇರಿದ ಎಲ್‌ಸಿ3-2 ಹುಟ್ಟಲೇ ಇಲ್ಲ. ಕೋಶಗಳು ಹಳೆಯವಾಗಿವೆ ಎಂದು ಬರೆದು ಮುಂದೆ ಹೋದೆ. ವೀಳ್ಯದೆಲೆಯ ಅಂಶ ಹಾಕಿದರೂ ಮೇಲಿನ ಬ್ಯಾಂಡ್ ತೆಳುವಾಗದಿದ್ದಾಗ, ಅದು ಎಟಿಜಿ7ನ್ನು ತಡೆಯುವುದಿಲ್ಲ ಎಂದು ಒಂದು ಅಧ್ಯಾಯವನ್ನೇ ಬರೆದೆ. ಒಮ್ಮೆ ಕಟ್ಟಿಕೊಂಡರೆ ಬಿಚ್ಚದ ಬಂಧದ ಬ್ಯಾಂಡ್ ತೆಳುವಾಗಲಿಲ್ಲವೆಂದು ತಡೆಯನ್ನು ಅಲ್ಲಗಳೆಯಲಾಗದು. ಕರಡು ಓದಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ಬಫರಿನಲ್ಲಿ ಏನಿತ್ತಮ್ಮ?" ಎರಡೂ ಪ್ಲಾಸ್ಮಿಡ್‌ಗಳನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿದೆವು. ಆ ಹುಡುಗಿ ಬರೆದ ಹೆಸರುಗಳೇ ಸರಿಯಾಗಿದ್ದವು. ಅಷ್ಟರಲ್ಲಿ ಅವಳು ಬೇರೆ ಪ್ರಯೋಗಾಲಯಕ್ಕೆ ಸೇರಿಯಾಗಿತ್ತು. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ದೊಡ್ಡ ಮನಸ್ಸಿನಿಂದ ಮಾತಾಡಿದಳು, ಆದರೆ ನಮ್ಮ ಪ್ರಯೋಗಾಲಯಕ್ಕೆ ಮತ್ತೆ ಬರಲಿಲ್ಲ.

ಆದ್ದರಿಂದ ನಿಮ್ಮ ಮುಂದಿನ ಪ್ರಯೋಗ ಕೋಶದಲ್ಲಿ ಬೇಡ. ಕೋಶದಲ್ಲಿ ವೈಲ್ಡ್ ಟೈಪ್‌ನ ಥಯೋಎಸ್ಟರ್ ಕ್ಷಣಕಾಲ ಇದ್ದು ಎಟಿಜಿ3ಕ್ಕೆ ದಾಟಿಬಿಡುವುದರಿಂದ, ಬಫರ್ ಸರಿಪಡಿಸಿದರೂ ಅದು ಕಾಣುವುದು ಕಷ್ಟ. ಶುದ್ಧೀಕರಿಸಿದ ಎಟಿಜಿ7, ಎಲ್‌ಸಿ3, ಎಟಿಪಿ, ಮೆಗ್ನೀಷಿಯಂ ಇಷ್ಟನ್ನೇ ಟ್ಯೂಬಿನಲ್ಲಿ ಸೇರಿಸಿ, ಎಟಿಜಿ3ನ್ನು ಹೊರಗಿಡಿ. ಎಲ್‌ಸಿ3 ಪ್ಲಾಸ್ಮಿಡ್ 120ನೆಯ ಗ್ಲೈಸಿನ್‌ನಲ್ಲಿ ಮುಗಿಯುತ್ತದೆಯೇ ಎಂದು ಮೊದಲು ನೋಡಿ. ಕೋಶದಲ್ಲಿ ಆ ಗ್ಲೈಸಿನ್ ಆಚೆಗಿನ ಬಾಲವನ್ನು ಎಟಿಜಿ4 ಕತ್ತರಿಸುತ್ತದೆ, ಶುದ್ಧೀಕರಿಸಲು ಎಲ್‌ಸಿ3ಯನ್ನು ತಯಾರಿಸುವ ಬ್ಯಾಕ್ಟೀರಿಯಾದಲ್ಲಿ ಎಟಿಜಿ4 ಇಲ್ಲ. ಬಾಲ ಉಳಿದ ಎಲ್‌ಸಿ3ಯನ್ನು ಎಟಿಜಿ7 ಮುಟ್ಟುವುದಿಲ್ಲ. ಕ್ರಿಯೆ ಮುಗಿದ ಮೇಲೆ ಮಿಶ್ರಣವನ್ನು ಎರಡು ಪಾಲು ಮಾಡಿ, ಒಂದಕ್ಕೆ ಡಿಟಿಟಿ (ಮರ್ಕ್ಯಾಪ್ಟೋಇಥೆನಾಲ್‌ನಂತೆಯೇ ಗಂಧಕದ ಗುಂಪಿರುವ ರಾಸಾಯನಿಕ) ಇರುವ ಬಫರ್, ಇನ್ನೊಂದಕ್ಕೆ ಇಲ್ಲದ ಬಫರ್ ಹಾಕಿ, ಎರಡನೆಯದನ್ನು ಕುದಿಸದೆ ನಡೆಸಿ. ಎರಡನೆಯದರಲ್ಲಿ ಬ್ಯಾಂಡ್ ಇದ್ದು ಮೊದಲನೆಯದರಲ್ಲಿ ಮಾಯವಾದರೆ ಅದು ಥಯೋಎಸ್ಟರ್. ಎಟಿಪಿ ಇಲ್ಲದ ಒಂದು ಕಂಟ್ರೋಲ್ ಇರಲೇಬೇಕು. ಎಟಿಜಿ3ಕ್ಕೆ ಹೋದರೆ ಈ ತೊಂದರೆ ತಪ್ಪುತ್ತದೆ ಎಂಬ ನಿಮ್ಮ ಎಣಿಕೆ ಸರಿಯಲ್ಲ; ಅದೂ 264ನೆಯ ಸಿಸ್ಟೀನಿನ ಮೇಲೆ ಥಯೋಎಸ್ಟರ್ ಕಟ್ಟುವ ಕಿಣ್ವವೇ, ಇದೇ ಬಫರ್ ಅದನ್ನೂ ಒಡೆಯುತ್ತದೆ.

ಔಷಧ ಕೊಟ್ಟ ಕೋಶಗಳಲ್ಲಿ ಎಟಿಜಿ7ರ ಪ್ರಮಾಣ ಹೆಚ್ಚಿದ್ದನ್ನು ಆಟೋಫೇಜಿ ಹೆಚ್ಚಿದೆ ಎಂದು ಬರೆಯಬಹುದೇ ಎಂದೂ ಕೇಳಿದ್ದೀರಿ. ಬರೆಯಬಾರದು. ಆಲೆಮನೆಯಲ್ಲಿ ಎಷ್ಟು ಗಾಣಗಳಿವೆ ಎಂದು ಎಣಿಸಿ ಎಷ್ಟು ಬೆಲ್ಲ ಬಂತೆಂದು ಹೇಳಲಾಗದು ಎಂಬುದು ಮಂಡ್ಯದ ಯಾರಿಗಾದರೂ ಗೊತ್ತು. ಎಟಿಜಿ7 ಅತ್ಯಗತ್ಯ, ಸಂಶಯವಿಲ್ಲ: ಅದಿಲ್ಲದ ಇಲಿಮರಿಗಳು ಹುಟ್ಟಿದ ಒಂದು ದಿನದೊಳಗೆ ಸಾಯುತ್ತವೆ ಎಂದು ಕೊಮಾತ್ಸು ಅವರ ತಂಡ 2005ರಲ್ಲಿ ತೋರಿಸಿತು, ಎರಡೂ ಪ್ರತಿಗಳಲ್ಲಿ ದೋಷವಿದ್ದೂ ಬದುಕಿರುವ, ನರವ್ಯೂಹದ ತೊಂದರೆಗಳಿರುವ ಮನುಷ್ಯರ ಬಗ್ಗೆ 2021ರಲ್ಲಿ ವರದಿ ಬಂದಿದೆ. ಆದರೆ ಅತ್ಯಗತ್ಯವಾದದ್ದೆಲ್ಲ ಅಳತೆಗೋಲಾಗುವುದಿಲ್ಲ. ಆಟೋಫೇಜಿಯೇ ಅಲ್ಲದ ಕಡೆ, ಕೋಶವು ಹೊರಗಿನಿಂದ ನುಂಗಿದ ವಸ್ತುವಿನ ಒಂಟಿ ಪೊರೆಯ ಚೀಲಗಳ ಮೇಲೂ ಎಟಿಜಿ7 ಎಲ್‌ಸಿ3ಯನ್ನು ಕೂರಿಸಲು ನೆರವಾಗುತ್ತದೆ. ಎಟಿಜಿ7 ಇಲ್ಲದೆಯೂ ನಡೆಯುವ ಬೇರೊಂದು ಬಗೆಯ ಆಟೋಫೇಜಿಯನ್ನು 2009ರಲ್ಲಿ ವಿವರಿಸಿದ್ದಾರೆ.

ಎಲ್‌ಸಿ3-2 ಹೆಚ್ಚಿದ್ದನ್ನು ಮಾತ್ರ ತೋರಿಸುವುದೂ ಸಾಲದು, ಏಕೆಂದರೆ ಅದು ಹೆಚ್ಚು ತಯಾರಾದರೂ ಹೆಚ್ಚುತ್ತದೆ, ಕೋಶದೊಳಗೆ ವಸ್ತುಗಳನ್ನು ಕರಗಿಸುವ ಚೀಲವಾದ ಲೈಸೋಸೋಮ್‌ನಲ್ಲಿ ಕರಗದೆ ಉಳಿದರೂ ಹೆಚ್ಚುತ್ತದೆ. ಬ್ಯಾಫಿಲೊಮೈಸಿನ್ ಹಾಕಿ ಲೈಸೋಸೋಮನ್ನು ತಡೆದ ಕೋಶಗಳನ್ನೂ ತಡೆಯದ ಕೋಶಗಳನ್ನೂ ಪಕ್ಕಪಕ್ಕದಲ್ಲಿಟ್ಟು, ನಿಮ್ಮ ಔಷಧ ಇದ್ದಾಗ ಮತ್ತು ಇಲ್ಲದಾಗ ಆ ಎರಡರ ನಡುವಿನ ಅಂತರ ಎಷ್ಟೆಂದು ನೋಡಿ. ಆ ಬ್ಲಾಟ್ ಕೈಯಲ್ಲಿ ಇಲ್ಲದಿರುವವರೆಗೆ ನಿಮ್ಮ ಪ್ರಬಂಧದಲ್ಲಿ "ಎಟಿಜಿ7 ಪ್ರೋಟೀನಿನ ಪ್ರಮಾಣ ಹೆಚ್ಚಿದೆ" ಎಂದಷ್ಟೇ ಬರೆಯಿರಿ. ಪ್ಲಾಸ್ಮಿಡ್ ಮಾಡಿಕೊಟ್ಟವರಿಗೆ ಇನ್ನೂ ಏನನ್ನೂ ಹೇಳಿಲ್ಲವಾದರೆ, ಡಿಟಿಟಿ ಇಲ್ಲದ ಜೆಲ್ ನೋಡುವವರೆಗೆ ಹೇಳಬೇಡಿ.