ಅಂಡಮಾನ್‌ನಲ್ಲಿ ನೀರಿನೊಳಗೆ ಫೋಟೋ ತೆಗೆಯಲು ಯಾವ ಜಾಗ ಒಳ್ಳೆಯದು? ಫೋಟೋಗಳು ನೀಲಿಯಾಗಿ ಬರುವುದೇಕೆ?

ಮೊದಲ ಸಲವಾದರೆ ಹ್ಯಾವ್‌ಲಾಕ್‌ನ ನೀಮೋ ರೀಫ್ ಸಾಕು. (2018ರಿಂದ ಈ ದ್ವೀಪದ ಅಧಿಕೃತ ಹೆಸರು ಸ್ವರಾಜ್ ದ್ವೀಪ.) ದಡದಿಂದಲೇ ಇಳಿಯಬಹುದು, ಆಳವೂ ಕಡಿಮೆ. ಅಲ್ಲಿನ ಕ್ಲೌನ್ ಮೀನುಗಳು ತಮ್ಮ ಅನಿಮೋನ್ (ಅವು ಮನೆ ಮಾಡಿಕೊಳ್ಳುವ, ಹೂವಿನಂತೆ ಕಾಣುವ ಕಡಲಜೀವಿ) ಬಿಟ್ಟು ದೂರ ಹೋಗುವುದಿಲ್ಲ, ಹಾಗಾಗಿ ಕ್ಯಾಮೆರಾಗೆ ಸುಲಭವಾಗಿ ಸಿಗುತ್ತವೆ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಎಂಬ ಡೈವ್ ಜಾಗಗಳು ಇನ್ನೂ ಸೊಗಸು, ಆದರೆ ಆಳ ಜಾಸ್ತಿ. ಅನುಭವ ಇಲ್ಲದೆ ಬೇಡ.

ನೀಲಿ ಬಣ್ಣಕ್ಕೆ ಕ್ಯಾಮೆರಾವನ್ನು ಸುಮ್ನೆ ಬೈಯಬೇಡಿ. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. 10 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹವಳವೂ ಮಂಕಾಗಿ ಕಾಣುತ್ತದೆ. ಟಾರ್ಚ್ ಅಥವಾ ಫ್ಲ್ಯಾಶ್ ಹಾಕಿದರೆ ಬಣ್ಣ ವಾಪಸ್ ಬರುತ್ತದೆ, ಆದರೆ ಹತ್ತಿರದಿಂದ ತೆಗೆದಾಗ ಮಾತ್ರ. ದೂರದಿಂದ ಝೂಮ್ ಮಾಡಿ ಏನೂ ಪ್ರಯೋಜನವಿಲ್ಲ. ಬೆಳಕನ್ನು ಲೆನ್ಸ್‌ನ ಪಕ್ಕದಿಂದ ಬೀಳಿಸಿ. ನೇರವಾಗಿ ಬಿಟ್ಟರೆ ನೀರಲ್ಲಿ ತೇಲುವ ಕಣಗಳೆಲ್ಲ ಹೊಳೆದು ಫೋಟೋ ತುಂಬ ಬಿಳಿ ಚುಕ್ಕೆಗಳು! ಫೋಟೋ ಆಸೆಗೆ ಹವಳದ ಮೇಲೆ ಮಾತ್ರ ಕೈ ಊರಬೇಡಿ.

ಇನ್ನೊಂದು ವಿಷಯ: ಹಲವು ಡೈವ್ ಮಾಡಿದ್ದರೆ ಕೊನೆಯದಾದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಟಿಕೆಟ್ ಮಾಡಿಸುವಾಗಲೇ ಇದನ್ನು ನೋಡಿಕೊಳ್ಳಿ.