ಪ್ರೋಬ್ ಹಾಕದ ಸ್ಲೈಡ್ ಎಲ್ಲಿ?

ಪ್ರಶ್ನೆ: ಪುಣೆಯಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ವಯಸ್ಸಾದ ಇಲಿಯ ಮೆದುಳಿನ ಸೆಕ್ಷನ್‌ಗೆ (ತೆಳ್ಳಗೆ ಕತ್ತರಿಸಿದ ಪದರಕ್ಕೆ) ಫ್ಲೋರೊಸೆಂಟ್ ಪ್ರೋಬ್ (ಆರ್‌ಎನ್‌ಎಗೆ ಅಂಟಿಕೊಂಡು ಹೊಳೆಯುವ ಡಿಎನ್‌ಎ ತುಣುಕು) ಹಾಕಿ ಒಂದು ಜೀನ್‌ನ ಆರ್‌ಎನ್‌ಎ, ಅಂದರೆ ಅದರ ನಕಲು ಪ್ರತಿ, ನೋಡಿದೆ. ನ್ಯೂರಾನ್‌ಗಳ ತುಂಬ ಚುಕ್ಕಿಗಳಿವೆ. ಎಣಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಸಾಫ್ಟ್‌ವೇರ್ ಆಮೇಲೆ. ಪ್ರೋಬ್ ಹಾಕದ ಸ್ಲೈಡ್ ನೋಡಿದ್ರಾ? ಅದರಲ್ಲೂ ಚುಕ್ಕಿ ಕಂಡರೆ ಅದು ಆರ್‌ಎನ್‌ಎ ಅಲ್ಲ. ಈ ಪ್ರಶ್ನೆ ಪದೇ ಪದೇ ಬರುತ್ತದೆ, ಆ ಸ್ಲೈಡ್ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ವಯಸ್ಸಾದ ನ್ಯೂರಾನ್‌ಗಳಲ್ಲಿ ಲಿಪೊಫಸಿನ್ ಎಂಬ ಕಸ ಸೇರಿಕೊಂಡಿರುತ್ತದೆ. ಅದು ಹಸಿರು, ಕೆಂಪು ಎನ್ನದೆ ಎಲ್ಲ ಚಾನೆಲ್‌ನಲ್ಲೂ (ಮೈಕ್ರೋಸ್ಕೋಪ್ ಒಂದೊಂದು ಬಣ್ಣಕ್ಕೆ ಬೇರೆಬೇರೆಯಾಗಿ ತೋರಿಸುವ ಚಿತ್ರ) ತಾನಾಗಿಯೇ ಹೊಳೆಯುತ್ತದೆ. ನ್ಯೂಕ್ಲಿಯಸ್ ಪಕ್ಕದಲ್ಲಿ ಗುಂಪುಗೂಡಿದ, ಒಂದು ದಪ್ಪ ಒಂದು ಸಣ್ಣ ಇರುವ ಚುಕ್ಕಿ ಕಂಡರೆ ಅನುಮಾನಪಡಿ. ಬಿಡಿಬಿಡಿ ಆರ್‌ಎನ್‌ಎ ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ಹೊಳಪಿನವು.

ಪ್ರೋಬ್‌ಗೆ ಬಳಸದ ಬಣ್ಣದ ಚಾನೆಲ್ ತೆರೆಯಿರಿ. ಅದೇ ಜಾಗದಲ್ಲಿ ಅಲ್ಲೂ ಚುಕ್ಕಿ ಇದ್ದರೆ ಲೆಕ್ಕದಿಂದ ತೆಗೆಯಿರಿ. ಇನ್ನೊಂದು ಸೆಕ್ಷನ್‌ಗೆ ಪ್ರೋಬ್‌ಗಿಂತ ಮೊದಲೇ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಎಂಜೈಮ್) ಹಾಕಿ. ನಿಜವಾದ ಚುಕ್ಕಿ ಅಲ್ಲಿ ಕಾಣಬಾರದು. ಆರ್‌ಎನ್‌ಏಸ್ ಹಾಕುವ ಜಾರ್ ಬೇರೆಯೇ ಇರಲಿ, ದಯವಿಟ್ಟು, ಇಲ್ಲದಿದ್ದರೆ ಉಳಿದ ಸ್ಲೈಡ್‌ಗಳ ಆರ್‌ಎನ್‌ಎಯೂ ಹೋಗುತ್ತದೆ. ಒಂದೊಂದು ಆರ್‌ಎನ್‌ಎಯನ್ನೂ ಒಂದೊಂದು ಚುಕ್ಕಿಯಾಗಿ ತೋರಿಸುವ, 2008ರಲ್ಲಿ ಬಂದ ಪದ್ಧತಿಯಲ್ಲಿ ಒಂದು ಆರ್‌ಎನ್‌ಎಗೆ 20 ಡಿಎನ್‌ಎ ಅಕ್ಷರ ಉದ್ದದ ಸುಮಾರು 48 ಪ್ರೋಬ್ ಬೇಕು. ಆ ಪ್ರೋಬ್‌ಗಳನ್ನು ಸಾಲಾಗಿ ಎಣಿಸಿ ಬೆಸ ಸಂಖ್ಯೆಯವಕ್ಕೆ ಒಂದು ಬಣ್ಣ, ಸಮ ಸಂಖ್ಯೆಯವಕ್ಕೆ ಇನ್ನೊಂದು ಬಣ್ಣ ಕೊಡಿ. ಎರಡೂ ಒಂದೇ ಕಡೆ ಕೂತು, ಮೂರನೇ ಖಾಲಿ ಚಾನೆಲ್‌ನಲ್ಲಿ ಏನೂ ಇಲ್ಲದಿದ್ದರೆ ಮಾತ್ರ ನಾನು ನಂಬುತ್ತೇನೆ.

ಸುಡಾನ್ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಲಿಪೊಫಸಿನ್‌ನ ಹೊಳಪನ್ನು ತಗ್ಗಿಸುತ್ತದೆ, ಆದರೆ ಫಾರ್ ರೆಡ್ (ಕಡುಗೆಂಪು) ಚಾನೆಲ್‌ನಲ್ಲಿ ಅದರದೇ ಮಬ್ಬು ಬರುತ್ತದೆ. ಪ್ರೋಬ್‌ಗೆ ಮುಂಚೆ ಸೆಕ್ಷನ್ನನ್ನು ಜೋರು ಎಲ್‌ಇಡಿ ಬೆಳಕಿನಲ್ಲಿಟ್ಟು ಕುಂದಿಸುವುದೇ ನನಗೆ ಇಷ್ಟ. ಕಾಂಟ್ರಾಸ್ಟ್ ಸುಮ್ನೆ ಜಾಸ್ತಿ ಮಾಡಬೇಡಿ. ಎಲ್ಲ ಸ್ಲೈಡ್‌ಗೂ ಒಂದೇ ಎಕ್ಸ್‌ಪೋಷರ್ ಇರಲಿ.

ಪ್ರಶ್ನೆ: ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ಆರ್‌ಎನ್‌ಏಸ್ ಸಾಯುತ್ತೆ ಅಲ್ವಾ? (ಮುಂಬೈ)

ಉತ್ತರ: ಇಲ್ಲ. ತಣ್ಣಗಾದ ಮೇಲೆ ಮತ್ತೆ ಮಡಚಿಕೊಂಡು ಕೆಲಸ ಶುರುಮಾಡುತ್ತದೆ. ಗಾಜಿನ ಸಾಮಾನನ್ನು ಒಣ ಓವನ್‌ನಲ್ಲಿ 180 ಡಿಗ್ರಿಗೆ ಕೆಲವು ಗಂಟೆ ಇಡಿ.

ಪ್ರಶ್ನೆ: ಕೂದಲು ಕೊಟ್ಟರೆ ಆರ್‌ಎನ್‌ಎ ಫೋಟೋ ತೆಗೆದು ಮುಂದೆ ಬರುವ ಕಾಯಿಲೆ ಹೇಳ್ತೀವಿ ಎಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಅಮ್ಮನಿಗೆ ಮಾಡಿಸಲೇ? (ಡೊಂಬಿವಿಲಿ)

ಉತ್ತರ: ಅದು ಮೋಸ. ಒಂದು ರೂಪಾಯಿಯೂ ಕೊಡಬೇಡಿ. ಅಮ್ಮನಿಗೆ ತೊಂದರೆ ಇದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಫ್ರೋಜನ್ ಸ್ಲೈಡ್‌ಗಳು ಕೆಡುತ್ತವೆ, ಯಾಕೆ? (ಗೋವಾ)

ಉತ್ತರ: ಮೈನಸ್ 80 ಡಿಗ್ರಿ ಫ್ರೀಜರ್‌ನಿಂದ ತೆಗೆದ ಕೂಡಲೇ ಬಾಕ್ಸ್ ತೆರೆಯುತ್ತೀರಿ, ಸ್ಲೈಡ್ ಮೇಲೆ ನೀರು ಹನಿಗಟ್ಟಿ ಆರ್‌ಎನ್‌ಎ ಹಾಳಾಗುತ್ತದೆ. ಸಿಲಿಕಾ ಜೆಲ್ ಜೊತೆ ಮುಚ್ಚಿದ ಬಾಕ್ಸ್ ರೂಮಿನ ಬಿಸಿಗೆ ಬರಲಿ, ಆಮೇಲೆ ತೆರೆದು ತಡಮಾಡದೆ ಫಿಕ್ಸ್ ಮಾಡಿ (ರಾಸಾಯನಿಕದಲ್ಲಿ ಅದ್ದಿ ಕೆಡದಂತೆ ಹಿಡಿದಿಡಿ).