ಪಿಪೆಟ್ ಬಿಟ್ಟು ಪೇಟೆಂಟ್ ಕಡೆಗೆ

ಪ್ರಶ್ನೆ: ನಾನು ದಾವಣಗೆರೆಯವಳು, ಎಂ.ಎಸ್ಸಿ. ಜೈವಿಕ ತಂತ್ರಜ್ಞಾನದ ಕೊನೆಯ ವರ್ಷದಲ್ಲಿದ್ದೇನೆ. ವಿಜ್ಞಾನ ಇಷ್ಟ, ಆದರೆ ಜೀವನವಿಡೀ ಪ್ರಯೋಗಾಲಯದಲ್ಲಿರುವ ಮನಸ್ಸಿಲ್ಲ. ಸಂಶೋಧನೆಯನ್ನು ಉದ್ಯಮಕ್ಕೆ ತಲುಪಿಸುವ ಕೆಲಸವೊಂದಿದೆ ಎಂದು ಅಧ್ಯಾಪಕರು ಹೇಳಿದರು. ಇಂಟರ್ನ್‌ಶಿಪ್ ಮೂಲಕ ಅಲ್ಲಿಗೆ ಹೋಗಬಹುದೇ, ಇಲ್ಲವೇ ಮೊದಲು ಎಂ.ಬಿ.ಎ. ಮಾಡಬೇಕೇ? ಮನೆಯಲ್ಲಿ ‘ಅದೆಂಥ ಕೆಲಸ?’ ಎಂದು ಕೇಳುತ್ತಾರೆ.

ಉತ್ತರ: ಮನೆಯವರಿಗೆ ಅಮುಲ್ ಬೇಬಿಫುಡ್ ಡಬ್ಬಿಯ ಕಥೆ ಹೇಳಿ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಹಸುಗೂಸಿಗೆ ಅದು ಸುಲಭವಾಗಿ ಜೀರ್ಣವಾಗುವುದಿಲ್ಲ. ಆ ಹಾಲಿನಿಂದಲೇ ಶಿಶು ಆಹಾರ ತಯಾರಿಸುವ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ರೂಪಿಸಿದರು, ಗುಜರಾತಿನ ಅಮುಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಹೀಗೆ ಪ್ರಯೋಗಾಲಯದಲ್ಲಿ ಹುಟ್ಟಿದ ವಿಧಾನವನ್ನು ಯಾರಿಗೆ, ಯಾವ ಷರತ್ತಿನ ಮೇಲೆ, ಎಷ್ಟು ಶುಲ್ಕಕ್ಕೆ ಕೊಡಬೇಕೆಂದು ಯೋಚಿಸಿ ಕುದುರಿಸುವುದೇ ತಂತ್ರಜ್ಞಾನ ವರ್ಗಾವಣೆಯ ಕೆಲಸ.

ಎಂ.ಬಿ.ಎ. ಈಗ ಬೇಡ. ವಿಜ್ಞಾನಿ ಹೇಳಿದ್ದು ಅರ್ಥವಾಗುವವರು ಈ ಕೆಲಸಕ್ಕೆ ಮೊದಲು ಬೇಕು. ವ್ಯಾಪಾರದ ಲೆಕ್ಕವನ್ನು ಕೆಲಸ ಮಾಡುತ್ತಲೇ ಕಲಿಯಬಹುದು.

ಇಂಟರ್ನ್‌ಶಿಪ್‌ಗೆ ಜಾಹೀರಾತು ಬರಲೆಂದು ಕಾಯುವವರೇ ಹೆಚ್ಚು. ನೀವು ಕಾಯಬೇಡಿ. ಸಿಎಫ್‌ಟಿಆರ್‌ಐ ತನ್ನಲ್ಲಿ ವರ್ಗಾವಣೆಗೆ ಸಿದ್ಧವಿರುವ ತಂತ್ರಜ್ಞಾನಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದರಿಂದ ಒಂದನ್ನು ಆರಿಸಿ ಒಂದೇ ಪುಟ ಬರೆಯಿರಿ: ಇದು ಯಾರ ಯಾವ ತೊಂದರೆಯನ್ನು ನೀಗುತ್ತದೆ, ಅವರು ಈಗ ಹೇಗೆ ನಿಭಾಯಿಸುತ್ತಿದ್ದಾರೆ, ಇದನ್ನೇ ಹೋಲುವ ಪೇಟೆಂಟ್‌ಗಳು ಯಾವುವು. ಪೇಟೆಂಟ್ ಹುಡುಕಲು ಭಾರತೀಯ ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಮತ್ತು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ‘ಪೇಟೆಂಟ್‌ಸ್ಕೋಪ್’ ಉಚಿತವಾಗಿವೆ. ಆ ಪುಟವನ್ನು ಅರ್ಜಿಗೆ ಲಗತ್ತಿಸಿ ಸಿಎಫ್‌ಟಿಆರ್‌ಐಗೆ ಕಳಿಸಿ. ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನ ಪರವಾನಗಿ ವಿಭಾಗಕ್ಕೂ ಜೀವವಿಜ್ಞಾನದ ಸಂಶೋಧನೆಗೂ ಹೊಸ ಉದ್ಯಮಗಳಿಗೂ ನೆರವಾಗುವ ಬೆಂಗಳೂರಿನ ಸಿ-ಕ್ಯಾಂಪ್‌ಗೂ ಬರೆಯುವಾಗ ಆಯಾ ಸಂಸ್ಥೆಯ ಒಂದು ಸಂಶೋಧನೆಯನ್ನೇ ಹಿಡಿದು ಬೇರೆ ಪುಟ ಬರೆಯಿರಿ. ನಮ್ಮ ತಂಡಕ್ಕೆ ಇಂಥ ಅರ್ಜಿ ಬಂದರೆ ಅಂಕಪಟ್ಟಿಗಿಂತ ಆ ಪುಟವನ್ನೇ ನಾನು ಮೊದಲು ಓದುತ್ತೇನೆ.

‘ಅವರು ಈಗ ಹೇಗೆ ನಿಭಾಯಿಸುತ್ತಿದ್ದಾರೆ’ ಎಂಬುದಕ್ಕೆ ಕುರ್ಚಿಯಲ್ಲಿ ಕುಳಿತು ಉತ್ತರ ಸಿಗುವುದಿಲ್ಲ. ನಿಮ್ಮೂರಿನಲ್ಲೇ ಮಂಡಕ್ಕಿ ಭಟ್ಟಿಗಳಿವೆ, ಒಂದು ಬೆಳಿಗ್ಗೆ ಹೋಗಿ ಮಾಲೀಕರನ್ನು ಮಾತನಾಡಿಸಿ. ಹೊಸ ಯಂತ್ರ ಎಂದೊಡನೆ ಅವರು ಕೇಳುವುದು ದಕ್ಷತೆಯನ್ನಲ್ಲ: ಕರೆಂಟು ಹೋದರೆ ಏನು ಗತಿ, ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ, ಸಾಲ ತೀರಲು ಎಷ್ಟು ವರ್ಷ ಬೇಕು. ಎಷ್ಟೋ ಒಳ್ಳೆಯ ಸಂಶೋಧನೆಗಳು ಈ ಮೂರು ಪ್ರಶ್ನೆಗಳ ಮುಂದೆ ನಿಂತುಹೋದದ್ದನ್ನು ಕಂಡು ನೊಂದಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ಸೇರಿದ ಮೇಲೂ ಇಂಥ ಭೇಟಿಗಳಿಗೆ, ಪರವಾನಗಿ ಮಾತುಕತೆಗಳಿಗೆ ನಿಮ್ಮನ್ನು ಕರೆದೊಯ್ಯುವಂತೆ ಕೇಳಿಕೊಳ್ಳಿ. ಕಡತ ಜೋಡಿಸುವುದರಲ್ಲೇ ಆರು ತಿಂಗಳು ಕಳೆದರೆ ಪ್ರಮಾಣಪತ್ರ ಸಿಗುತ್ತದೆ, ಕೆಲಸ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತುಂಬ ಎಚ್ಚರಿಕೆ ಬೇಕು. ಹಿಂದೊಮ್ಮೆ ನಮ್ಮ ತಂಡಕ್ಕೆ ಬಂದ ಹುಡುಗನೊಬ್ಬ ಸಂತೋಷ ತಡೆಯಲಾರದೆ, ಪೇಟೆಂಟ್ ಅರ್ಜಿ ಸಲ್ಲಿಸುವ ಮೊದಲೇ ಹೊಸ ವಿಧಾನದ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿಬಿಟ್ಟ. ಹಾಗೆ ಬಹಿರಂಗವಾದದ್ದು ಹೊಸತು ಎನಿಸಿಕೊಳ್ಳುವುದಿಲ್ಲ, ಹೊಸತಲ್ಲದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ವಿದ್ವತ್ ಸಭೆಯಲ್ಲಿ ಮಂಡಿಸಿದ ಪ್ರಬಂಧದಂತಹ ಕೆಲವೇ ಸಂದರ್ಭಗಳಿಗೆ ನಮ್ಮ ಪೇಟೆಂಟ್ ಕಾಯಿದೆ 12 ತಿಂಗಳ ರಿಯಾಯಿತಿ ಕೊಡುತ್ತದೆ, ಇಂಥ ವಿಡಿಯೊಗೆ ಇಲ್ಲ. ಎರಡು ವರ್ಷದ ದುಡಿಮೆ ಹೋಯಿತು. ತಪ್ಪು ಆ ಹುಡುಗನದಲ್ಲ, ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕಾಗಿದ್ದ ನಮ್ಮದು. ಸಂಶೋಧನೆ ಪೂರ್ಣವಾಗದಿದ್ದರೆ ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರ ಕೊಡಲು ಅವಕಾಶವಿದೆ. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪೂರ್ತಿ ಓದಿ, ಅರ್ಥವಾಗದ್ದನ್ನು ಕೇಳಿ.

ಗೌರವಧನದ ಬಗ್ಗೆ ಕೇಳಲು ಸಂಕೋಚ ಬೇಡ. ಊರು ಬಿಟ್ಟು ಬಂದು ಆರು ತಿಂಗಳು ಬಾಡಿಗೆ ಕಟ್ಟಿಕೊಂಡು ಪುಕ್ಕಟೆ ದುಡಿಯುವುದನ್ನು ನಾನು ಯಾರಿಗೂ ಹೇಳಲಾರೆ. ಮೊತ್ತವನ್ನೂ ಅವಧಿಯನ್ನೂ ಬರಹದಲ್ಲಿ ಪಡೆಯಿರಿ.

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಪೇಟೆಂಟ್ ಭಾಷೆ ಹಿಡಿಸಿದ್ದರೆ, ಇತರರ ಪರವಾಗಿ ಪೇಟೆಂಟ್ ಅರ್ಜಿ ಸಿದ್ಧಪಡಿಸಿ ಸಲ್ಲಿಸುವ ‘ಪೇಟೆಂಟ್ ಏಜೆಂಟ್’ ಆಗಲು ಪರೀಕ್ಷೆ ಬರೆಯಿರಿ. 21 ವರ್ಷ ತುಂಬಿದ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯಿರುವ ಭಾರತೀಯರಿಗೆ ಅದು ತೆರೆದಿದೆ, ಕಾನೂನು ಪದವಿ ಬೇಕಿಲ್ಲ. ಮಾತುಕತೆಯೇ ಹೆಚ್ಚು ಹಿಡಿಸಿದ್ದರೆ ಪರವಾನಗಿ ವಿಭಾಗದಲ್ಲೇ ಮುಂದುವರಿಯಿರಿ. ನಿಮಗೆ ಯಾವುದು ಒಗ್ಗುತ್ತದೆಂದು ಮೂರನೆಯ ತಿಂಗಳಿಗೇ ತಿಳಿಯುತ್ತದೆ. ಆಗ ಮತ್ತೆ ಬರೆಯಿರಿ, ಮಂಡಕ್ಕಿ ಭಟ್ಟಿಯವರು ಏನು ಹೇಳಿದರೆಂಬುದನ್ನೂ ತಿಳಿಸಿ.